ಮನೋಧರ್ಮದ ಕಮ್ಮಟ

(ಸಂಘದ ರಾಜ್ಯೋತ್ಸವ ಉಪನ್ಯಾಸದ ಬರಹರೂಪ)



ರಾಜ್ಯೋತ್ಸವದ ಉಪನ್ಯಾಸಕ್ಕೆ ಜಾಝ್ ಸಂಗೀತದ ವಿಷಯವನ್ನು ಆರಿಸಿಕೊಂಡಿದ್ದೇನೆಂದು ತಿಳಿಸಿದಾಗ ನಮ್ಮ ಕಾರ್ಯದರ್ಶಿಗಳು ಕೆಲಹೊತ್ತು ಸುಮ್ಮನಿದ್ದರು. ಆಮೇಲೆ, ‘ಅಲ್ಲ ಸಾರ್, ಕನ್ನಡಕ್ಕೂ ಅದಕ್ಕೂ ಏನು ಸಂಬಂಧ?’ ಎಂದರು. ಅವರ ಪ್ರಶ್ನೆ ನ್ಯಾಯವಾದದ್ದು. ನೀವೂ ಅದನ್ನೇ ಕೇಳಿಕೊಳ್ಳುತ್ತಿರಬಹುದು. ಆದ್ದರಿಂದ ಉತ್ತರವನ್ನು ಕೊನೆಯವರೆಗೆ ಮುಚ್ಚಿಡದೆ ಮೊದಲೇ ಹೇಳಿಬಿಡುತ್ತೇನೆ. ಹೊರನಾಡಿನಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ನಾವು ಕನ್ನಡವನ್ನು ಕೃತಿಯಂತೆ ಕಂಠಪಾಠ ಮಾಡಿಸಿದ್ದೇವೆ. ಅದರಲ್ಲಿ ಮನೋಧರ್ಮವನ್ನು ಕಲಿಸಿಲ್ಲ. ಈ ಸಂಗತಿ ನನಗೆ ಮನದಟ್ಟಾದದ್ದು ಇದೇ ಹೈದರಾಬಾದಿನಲ್ಲಿ ನಡೆದ ವಿದ್ಯಾರ್ಥಿಗಳ ಒಂದು ಜಾಝ್ ಕಮ್ಮಟದಲ್ಲಿ.

‘ಕಮ್ಮಟ’ ಎಂಬ ಪದವನ್ನು ಯೋಚಿಸಿಯೇ ಬಳಸುತ್ತಿದ್ದೇನೆ. ಮೂಲದಲ್ಲಿ ಕಮ್ಮಟವೆಂದರೆ ನಾಣ್ಯ ಅಚ್ಚು ಹಾಕುವ ಟಂಕಸಾಲೆ. ತಿಜೋರಿಯಲ್ಲಿಟ್ಟು ಪೂಜಿಸುವ ಚಿನ್ನದ ಗಟ್ಟಿ ಬೇರೆ, ಸಂತೆಯಲ್ಲಿ ಕೈಯಿಂದ ಕೈಗೆ ದಾಟುವ ನಾಣ್ಯ ಬೇರೆ. ನಮ್ಮ ಮಕ್ಕಳ ಕನ್ನಡ ಇವೆರಡರಲ್ಲಿ ಯಾವುದು ಎಂಬುದೇ ಇಂದು ನಾನು ನಿಮ್ಮ ಮುಂದಿಡುವ ಪ್ರಶ್ನೆ.

ಕೆಲವು ಕಾಲದ ಹಿಂದೆ, ಕಾಲೇಜಿನಲ್ಲಿ ಓದುತ್ತಿರುವ ನನ್ನ ಮಗಳು ಒಂದು ವಾರದ ಆ ಕಮ್ಮಟಕ್ಕೆ ಸೇರಿದಳು. ಚಿಕ್ಕಂದಿನಲ್ಲಿ ವರ್ಣಗಳವರೆಗೆ ಕರ್ನಾಟಕ ಸಂಗೀತ ಕಲಿತು ಬಿಟ್ಟವಳು, ಅನಂತರ ಕೀಬೋರ್ಡ್ ಹಿಡಿದವಳು. ಸಂಜೆ ಅವಳನ್ನು ಕರೆತರಲು ಹೋಗುತ್ತಿದ್ದ ನಾನು ಮೊದಲ ದಿನ ಬಾಗಿಲಲ್ಲಿ ನಿಂತೆ. ಎರಡನೆಯ ದಿನ ಹಿಂದಿನ ಬೆಂಚಿನಲ್ಲಿ ಕುಳಿತೆ. ಮೂರನೆಯ ದಿನದಿಂದ ಆಫೀಸಿನಿಂದ ಬೇಗ ಹೊರಡತೊಡಗಿದೆ.

ಕಲಿಯಲು ಬಂದವರನ್ನು ಐದೈದು ಆರಾರು ಮಂದಿಯ ಚಿಕ್ಕ ಮೇಳಗಳಾಗಿ ವಿಂಗಡಿಸಿದ್ದರು. ಇದಕ್ಕೆ ಅವರು ಕಾಂಬೊ ಎನ್ನುತ್ತಾರೆ. ಡ್ರಮ್, ಬಾಸ್ ಗಿಟಾರ್ ಮತ್ತು ಕೀಬೋರ್ಡ್ ಸೇರಿ ನೆಲಗಟ್ಟು ಹಾಕುತ್ತವೆ. ಅದರ ಮೇಲೆ ಸ್ಯಾಕ್ಸೊಫೋನ್, ಟ್ರಂಪೆಟ್, ಗಿಟಾರ್ ಮುಂತಾದವು ನಡೆದಾಡುತ್ತವೆ. ಮೇಳಕ್ಕೊಬ್ಬ ಶಿಕ್ಷಕ, ವಾರಕ್ಕೆ ಮೂರೋ ನಾಲ್ಕೋ ಹಾಡು, ಕೊನೆಯ ಸಂಜೆ ಎಲ್ಲರೆದುರು ಕಚೇರಿ. ನುರಿತವರನ್ನೂ ಹೊಸಬರನ್ನೂ ಒಂದೇ ಮೇಳದಲ್ಲಿ ಬೆರೆಸಿದ್ದುದು ಮೊದಲು ನನಗೆ ವಿಚಿತ್ರವಾಗಿ ಕಂಡಿತು. ಅದರ ಅರ್ಥ ಆಮೇಲೆ ತಿಳಿಯಿತು.

ಮಗಳ ಮೇಳಕ್ಕೆ ಸಿಕ್ಕ ಹಾಡುಗಳಲ್ಲಿ ಒಂದು ‘ಸೋ ವಾಟ್’. ಮೈಲ್ಸ್ ಡೇವಿಸ್ 1959ರಲ್ಲಿ ಹೊರತಂದ ‘ಕೈಂಡ್ ಆಫ್ ಬ್ಲೂ’ ಧ್ವನಿಮುದ್ರಿಕೆಯ ಮೊದಲ ರಚನೆ ಅದು. ಅದರ ಚೌಕಟ್ಟು ಸರಳ. ಎಂಟೆಂಟು ಬಾರ್‌ಗಳ ನಾಲ್ಕು ಭಾಗಗಳು, ಒಟ್ಟು 32 ಬಾರ್; ಪ್ರತಿ ಬಾರ್‌ಗೆ ನಾಲ್ಕು ಅಕ್ಷರ. ಆದಿತಾಳಕ್ಕೆ ಎಂಟು ಅಕ್ಷರವೆಂದು ಹಿಡಿದರೆ ಇದು 16 ಆವರ್ತವಾಗುತ್ತದೆ. ಮೊದಲ ಎರಡು ಭಾಗಗಳೂ ಕೊನೆಯ ಭಾಗವೂ ಅವರು ಡೋರಿಯನ್ ಎಂದು ಕರೆಯುವ ಸ್ವರಶ್ರೇಣಿಯಲ್ಲಿವೆ. ಆ ಸ್ವರಸ್ಥಾನಗಳು ನಮ್ಮ ಖರಹರಪ್ರಿಯದ ಸ್ವರಸ್ಥಾನಗಳೇ. ಮೂರನೆಯ ಭಾಗದಲ್ಲಿ ಇಡೀ ಶ್ರೇಣಿ ಅರ್ಧ ಸ್ವರ ಮೇಲಕ್ಕೆ ಸರಿಯುತ್ತದೆ. ನಮ್ಮ ಕಿವಿಗೆ ಷಡ್ಜವೇ ಎದ್ದು ಪಕ್ಕದ ಮನೆಗೆ ಹೋದಂತೆ ಕೇಳುತ್ತದೆ. ಕೇವಲ ಸ್ವರಸ್ಥಾನಗಳಿಂದ ರಾಗವಾಗುವುದಿಲ್ಲ, ಗಮಕವೂ ಸಂಚಾರವೂ ಬೇಕೆಂಬುದನ್ನು ನಾನು ಬಲ್ಲೆ. ಸಾಮಗ್ರಿ ಎಷ್ಟು ಕಡಿಮೆಯೆಂಬುದನ್ನು ತೋರಿಸಲಷ್ಟೇ ಈ ಹೋಲಿಕೆ.

ಶಿಕ್ಷಕರು ಮೊದಲು ಎಲ್ಲರ ಕೈಯಿಂದ ಸ್ವರಲಿಪಿಯ ಕಾಗದವನ್ನು ತೆಗೆದುಕೊಂಡರು. ‘ಬಾಯಲ್ಲಿ ಹಾಡಿ. ಬಾಯಲ್ಲಿ ಬಾರದ್ದು ಬೆರಳಲ್ಲಿ ಬರುವುದಿಲ್ಲ’ ಎಂದರು. ಹಾಡು ಎಲ್ಲರಿಗೂ ಬಾಯಿಪಾಠವಾದ ಮೇಲೆ ವಾದ್ಯಗಳಿಗೆ ಹೋದರು. ಎಲ್ಲರೂ ಕೂಡಿ ಒಮ್ಮೆ ಹಾಡನ್ನು ನುಡಿಸಬೇಕು. ಆಮೇಲೆ ಒಬ್ಬೊಬ್ಬರೂ ಸರದಿಯಂತೆ ಅದೇ 32 ಬಾರ್‌ಗಳ ಮೇಲೆ ತಮ್ಮದೇ ಕಲ್ಪನೆಯನ್ನು ಕಟ್ಟಬೇಕು. ಕೊನೆಗೆ ಎಲ್ಲರೂ ಮತ್ತೆ ಹಾಡಿಗೆ ಬಂದು ಸೇರಬೇಕು. ನಡುವೆ ಮೂಲ ಹಾಡು ಯಾರ ವಾದ್ಯದಲ್ಲೂ ಕೇಳಿಸದು. ಆದರೆ ಎಲ್ಲರ ತಲೆಯಲ್ಲಿಯೂ ಅದು ಓಡುತ್ತಲೇ ಇರಬೇಕು. ನಮ್ಮ ವಿದ್ವಾಂಸರು ಕೃತಿಯ ಒಂದು ಸಾಲನ್ನು ಹಿಡಿದು ನೆರವಲ್ ಮಾಡುವಾಗ, ಕಲ್ಪನಾಸ್ವರ ಹಾಕಿ ಸರಿಯಾಗಿ ಎಡುಪಿಗೆ ಬಂದು ಮುಟ್ಟುವಾಗ ನಡೆಯುವುದೂ ಇದೇ ಬಗೆಯ ವ್ಯಾಪಾರ.

ಆದರೆ ಮನೋಧರ್ಮವೆಂಬುದು ದೈವದತ್ತವಾದ ವರ, ಯಾರಿಗೋ ಒಬ್ಬರಿಗೆ ಒಲಿಯುವಂಥದು ಎಂದು ನಾವು ನಂಬಿಕೊಂಡಿದ್ದೇವೆ. ಅಲ್ಲಿ ಅದನ್ನು ಅಕ್ಷರಾಭ್ಯಾಸದಂತೆ ಕಲಿಸುತ್ತಿದ್ದರು. ಮೊದಲ ಪಾಠದಲ್ಲಿ ಬರಿಯ ಮೂರು ಸ್ವರಗಳಲ್ಲಿ ಮಾತಾಡಬೇಕು. ಎರಡನೆಯದರಲ್ಲಿ ಎರಡು ಬಾರ್ ನುಡಿಸಿ ಎರಡು ಬಾರ್ ಸುಮ್ಮನಿರಬೇಕು. ಮೂರನೆಯದರಲ್ಲಿ ಒಬ್ಬ ನಾಲ್ಕು ಬಾರ್ ನುಡಿಸಿದರೆ ಮತ್ತೊಬ್ಬ ಅದನ್ನು ಕೇಳಿಸಿಕೊಂಡು ಮುಂದಿನ ನಾಲ್ಕು ಬಾರ್‌ಗಳಲ್ಲಿ ಉತ್ತರ ಕೊಡಬೇಕು. ತನಿಯಾವರ್ತನದಲ್ಲಿ ಮೃದಂಗ ಘಟಗಳ ನಡುವೆ ನಡೆಯುವ ಸವಾಲು ಜವಾಬಿನ ಹಾಗೆ. ಎಲ್ಲಕ್ಕಿಂತ ಮೇಲಿನ ನಿಯಮ ಒಂದು: ಏನಾದರೂ ಆಗಲಿ, ನಿಲ್ಲಿಸಕೂಡದು.

ಈ ನಿಯಮದ ಬೆಲೆ ಮೂರನೆಯ ದಿನ ಗೊತ್ತಾಯಿತು. ಮಗಳು ತನ್ನ ಸರದಿಯಲ್ಲಿ ಮೂರನೆಯ ಭಾಗ ಬಂದದ್ದನ್ನು ಮರೆತಳು. ಉಳಿದವರೆಲ್ಲ ಅರ್ಧ ಸ್ವರ ಮೇಲಕ್ಕೆ ಸರಿದರು, ಇವಳು ಹಳೆಯ ಮನೆಯಲ್ಲಿಯೇ ಉಳಿದಳು. ಕರ್ಕಶವಾಗಿ ಕೇಳಿಸಿತು. ಅವಳು ಕೈ ಎತ್ತಿಬಿಟ್ಟಳು. ಶಿಕ್ಷಕರು ಕಣ್ಣಲ್ಲೇ ‘ಮುಂದುವರಿಸು’ ಎಂದರು. ‘ಆ ಸ್ವರವನ್ನೇ ಮತ್ತೊಮ್ಮೆ ನುಡಿಸು, ಅಲ್ಲಿಂದ ಪಕ್ಕಕ್ಕೆ ಹೆಜ್ಜೆ ಇಡು’ ಎಂದು ಕೂಗಿ ಹೇಳಿದರು. ಅಷ್ಟರಲ್ಲಿ ಬಾಸ್ ನುಡಿಸುತ್ತಿದ್ದ ಹುಡುಗಿ, ಆ ಮೇಳದಲ್ಲಿ ಎಲ್ಲರಿಗಿಂತ ನುರಿತವಳು, ಹೊಸ ಷಡ್ಜವನ್ನು ಎರಡು ಬಾರಿ ಒತ್ತಿ ನುಡಿಸಿದಳು. ಕತ್ತಲೆಯಲ್ಲಿ ಮೆಟ್ಟಿಲು ತೋರಿಸಲು ಯಾರೋ ದೀಪ ಎತ್ತಿ ಹಿಡಿದ ಹಾಗಿತ್ತು. ಮಗಳು ಅದನ್ನು ಹಿಡಿದುಕೊಂಡು ಒಳಗೆ ಬಂದಳು. ತಪ್ಪಾಗಿದ್ದ ಸ್ವರ ಎರಡನೆಯ ಸಲ ಬಂದಾಗ ತಪ್ಪಿನಂತೆ ಕೇಳಲಿಲ್ಲ. ನುರಿತವರನ್ನೂ ಹೊಸಬರನ್ನೂ ಏಕೆ ಬೆರೆಸುತ್ತಾರೆಂಬುದು ಆಗ ತಿಳಿಯಿತು.

ಜಾಝ್ ಕಲಿಕೆ ಯಾವಾಗಲೂ ಇಷ್ಟು ಕರುಣಾಮಯವಾಗಿರಲಿಲ್ಲ. 1936ರಲ್ಲಿ ಕಾನ್ಸಾಸ್ ಸಿಟಿಯ ರೀನೋ ಕ್ಲಬ್ಬಿನಲ್ಲಿ ಹದಿನಾರರ ಆಸುಪಾಸಿನ ಹುಡುಗನೊಬ್ಬ ದೊಡ್ಡವರ ಮೇಳದ ಜೊತೆ ನುಡಿಸಲು ವೇದಿಕೆ ಹತ್ತಿ ದಾರಿ ತಪ್ಪಿದಾಗ, ಡ್ರಮ್ ನುಡಿಸುತ್ತಿದ್ದ ಜೋ ಜೋನ್ಸ್ ತನ್ನ ಕಂಚಿನ ತಾಳವನ್ನು ಕಳಚಿ ಅವನ ಕಾಲ ಬುಡಕ್ಕೆ ಎಸೆದನಂತೆ. ಸಭೆ ನಕ್ಕಿತು. ಆ ಹುಡುಗ ಚಾರ್ಲಿ ಪಾರ್ಕರ್. ಅವನು ಮರುವರ್ಷ ಲೆಸ್ಟರ್ ಯಂಗ್‌ನ ಧ್ವನಿಮುದ್ರಿಕೆಗಳನ್ನು ಸ್ವರಸ್ವರವಾಗಿ ಬಾಯಿಪಾಠ ಮಾಡಿ ಹಿಂದಿರುಗಿದ. ಮುಂದೆ ಜಾಝ್‌ನ ದಿಕ್ಕನ್ನೇ ಬದಲಿಸಿದ. ಈ ಕಥೆಯನ್ನು ಕಠಿಣ ಶಿಸ್ತಿನ ಮಹಿಮೆಗೆ ಉದಾಹರಣೆಯಾಗಿ ಹೇಳುವುದುಂಟು. ನನಗೆ ಮಾತ್ರ ಇನ್ನೊಂದು ಯೋಚನೆ ಬರುತ್ತದೆ. ಪಾರ್ಕರ್ ಹಿಂದಿರುಗಿದ, ಆದ್ದರಿಂದ ಅವನ ಹೆಸರು ನಮಗೆ ಗೊತ್ತು. ನಗೆಗೆ ಹೆದರಿ ಹಿಂದಿರುಗದೆ ಹೋದವರ ಹೆಸರು ಯಾರಿಗೆ ಗೊತ್ತು?

ವಿದ್ಯಾರ್ಥಿ ಕಮ್ಮಟಗಳು ಕಲಿಯುವವರಿಗೆ ಬೇರೊಂದು ದಾರಿಯನ್ನು ತೆರೆದವು. ಅಮೆರಿಕದ ಜೇಮಿ ಏಬರ್‌ಸೋಲ್ಡ್ 1967ರಿಂದ ಜೊತೆಗೆ ನುಡಿಸಲು ಅನುವಾಗುವ ಧ್ವನಿಮುದ್ರಿಕೆಗಳನ್ನು ಹೊರಡಿಸತೊಡಗಿದರು. ಬಾಸ್, ಪಿಯಾನೊ, ಡ್ರಮ್‌ಗಳು ಮುದ್ರಿಕೆಯಲ್ಲಿರುತ್ತವೆ. ಕಲಿಯುವವನು ತನ್ನ ಮನೆಯಲ್ಲಿ ಕುಳಿತು, ಯಾರ ನಗೆಗೂ ಹೆದರದೆ, ಅವುಗಳ ಮೇಲೆ ತನ್ನ ಕಲ್ಪನೆಯನ್ನು ಕಟ್ಟಬಹುದು. ಅವರು ನಡೆಸಿದ ಬೇಸಿಗೆ ಕಮ್ಮಟಗಳು ಇಂಥ ಚಿಕ್ಕ ಮೇಳಗಳದೇ. ಮನೋಧರ್ಮ ಯಾರಿಗಾದರೂ ಸಾಧ್ಯವೆಂಬುದು ಅವರ ನಿಲುವು. ಬಾಸ್ಟನ್ನಿನ ಬರ್ಕ್ಲಿ ಸಂಗೀತ ಕಾಲೇಜಿನ ವಿದ್ಯಾರ್ಥಿಗಳು 1970ರ ದಶಕದ ನಡುವಿನಲ್ಲಿ ನೂರಾರು ಹಾಡುಗಳನ್ನು ಕೈಯಲ್ಲಿ ಬರೆದು, ಹಕ್ಕುಸ್ವಾಮ್ಯದ ಅನುಮತಿಯಿಲ್ಲದೆಯೇ ‘ರಿಯಲ್ ಬುಕ್’ ಎಂಬ ಸಂಗ್ರಹ ಮಾಡಿದರು. ಅದರ ಕಾನೂನುಬದ್ಧ ಆವೃತ್ತಿ ಬಂದದ್ದು 2004ರಲ್ಲಿ. ನಮ್ಮ ತಾಯಂದಿರ ದೇವರನಾಮದ ನೋಟುಪುಸ್ತಕಗಳು ಕೈಯಿಂದ ಕೈಗೆ ದಾಟಿದ ಹಾಗೆಯೇ ಅದೂ ದಾಟಿತು.

ಇಷ್ಟು ಹೇಳಿದ ಮೇಲೂ ‘ಇದೆಲ್ಲ ಪರದೇಶದ ಮಾತು’ ಎನ್ನುವವರಿರಬಹುದು. ಕನ್ನಡಿಗರಿಗೂ ಈ ಸಂಗೀತಕ್ಕೂ ಇರುವ ನಂಟು ನಾವು ತಿಳಿದಿರುವುದಕ್ಕಿಂತ ಹತ್ತಿರದ್ದು. ಬೆಂಗಳೂರಿನಲ್ಲಿ 1964ರಲ್ಲಿ ಟಿ.ಎ.ಎಸ್. ಮಣಿ ಅವರು ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್, ಗಾಯಕಿ ಆರ್.ಎ. ರಮಾಮಣಿ ಅವರೊಡಗೂಡಿ, ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ ‘ಜ್ಯೋತಿ’ ಎಂಬ ಧ್ವನಿಮುದ್ರಿಕೆಯನ್ನು 1983ರಲ್ಲಿ ಹೊರತಂದಿತು. ಮರಿಯಾನೊ ಬರ್ಕ್ಲಿಯಲ್ಲಿ ಪಾಠ ಹೇಳಿದವರು. ಸ್ವತಃ ವಿದ್ಯಾರ್ಥಿಯಾಗಿ ನಾಗಸ್ವರ ಕಲಿತವರು. ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರು ನಾಗಸ್ವರ ವಿದ್ವಾಂಸರ ಮಗ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾಗಿ, ಬೆಲ್ಜಿಯಮ್ಮಿನವನೊಬ್ಬ 1846ರಲ್ಲಿ ಸ್ವಾಮ್ಯಪತ್ರ ಪಡೆದ ಆ ವಾದ್ಯದಿಂದ ಗಮಕ ಹೊರಡಿಸಿದವರು. 1980ರಲ್ಲಿ ಮುಂಬಯಿಯ ಜಾಝ್ ಯಾತ್ರೆಯಲ್ಲಿ ಅಮೆರಿಕದ ಜಾನ್ ಹ್ಯಾಂಡಿಯೊಂದಿಗೆ ನುಡಿಸಿದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ವೇದಿಕೆಯನ್ನು ಏರಿದರು. 2019ರಲ್ಲಿ ಅವರು ತೀರಿಕೊಂಡರು.

ನಮ್ಮ ವಿಷಯಕ್ಕೆ ಇನ್ನೂ ಹತ್ತಿರದವರು ರುದ್ರೇಶ್ ಮಹಾಂತಪ್ಪ. ಕನ್ನಡನಾಡಿನಿಂದ ಹೋದ ತಂದೆತಾಯಿಗಳ ಮಗ, ಅಮೆರಿಕದ ಕೊಲರಾಡೊದಲ್ಲಿ ಬೆಳೆದವರು. ಬರ್ಕ್ಲಿಯಲ್ಲಿ ವಿದ್ಯಾರ್ಥಿಯಾಗಿದ್ದಾಗ ಅವರ ಅಣ್ಣ ತಮಾಷೆಗೆಂದು ಕೈಗಿತ್ತ ಒಂದು ಧ್ವನಿಮುದ್ರಿಕೆ ಕದ್ರಿಯವರದಾಗಿತ್ತು. ತಮಾಷೆ ಗಂಭೀರವಾಯಿತು. 2008ರಲ್ಲಿ ಅವರಿಬ್ಬರೂ ಕೂಡಿ ನುಡಿಸಿದ ‘ಕಿನ್ಸ್‌ಮೆನ್’, ಅಂದರೆ ‘ನೆಂಟರು’, ಹೊರಬಂತು. ಇದನ್ನು ಅಭಿಮಾನಕ್ಕಾಗಿ ಹೇಳುತ್ತಿಲ್ಲ. ಹೊರಗೆ ಹುಟ್ಟಿ ಬೆಳೆದ ಮಗ ತನ್ನ ಹಿರಿಯರ ನಾಡಿಗೆ ಹಿಂದಿರುಗಿದ ದಾರಿ ಯಾವುದು, ನೋಡಿ. ಆತ ಕೀರ್ತನೆಯನ್ನು ಒಪ್ಪಿಸಲು ಬರಲಿಲ್ಲ, ಸಂವಾದಕ್ಕೆ ಬಂದ. ತನಗೆ ಬಲ್ಲ ಭಾಷೆಯಲ್ಲಿ ನಾಲ್ಕು ಮಾತು ಆಡಿ, ಹಿರಿಯರ ನಾಲ್ಕು ಮಾತು ಕೇಳಿಸಿಕೊಂಡ.

ಹಾಗೆಂದು ಮನೋಧರ್ಮವನ್ನು ಕಲಿಸುವ ಪದ್ಧತಿಯನ್ನು ನಾವು ಸಮುದ್ರದಾಚೆಯಿಂದ ತರಿಸಬೇಕಾಗಿಲ್ಲ. ತಾಳಮದ್ದಳೆಯನ್ನು ನೆನೆಯಿರಿ. ಪ್ರಸಂಗದ ಪದ್ಯ ನಿಶ್ಚಿತ, ಭಾಗವತರು ಹಾಡುತ್ತಾರೆ. ಅದರ ಮೇಲೆ ಅರ್ಥಧಾರಿ ಆಡುವ ಮಾತನ್ನು ಯಾರೂ ಬರೆದುಕೊಟ್ಟಿರುವುದಿಲ್ಲ. ಎದುರಿನ ಕರ್ಣ ಏನು ಕೇಳುವನೆಂದು ಕೃಷ್ಣನಿಗೆ ಮೊದಲೇ ತಿಳಿಯದು. ಆದರೂ ಮಾತು ಚೌಕಟ್ಟು ಮೀರದೆ ಮುಂದಿನ ಪದ್ಯದ ಎತ್ತುಗಡೆಗೆ ಬಂದು ನಿಲ್ಲಬೇಕು. 32 ಬಾರ್‌ಗಳ ನಿಯಮವೂ ಇದೇ ಅಲ್ಲವೆ? ಈ ಕಲೆಯ ಒಂದು ದೊಡ್ಡ ನೆಲೆ ಕುಂಬಳೆಯ ಸೀಮೆ, ಪಾರ್ತಿಸುಬ್ಬನ ಊರು, ಶೇಣಿ ಗೋಪಾಲಕೃಷ್ಣ ಭಟ್ಟರನ್ನು ಕೊಟ್ಟ ಕಾಸರಗೋಡು. 1956ರ ನವೆಂಬರ್ 1ರಂದು ಅದು ಕೇರಳಕ್ಕೆ ಸೇರಿತು. ಅಂದರೆ ನಮ್ಮ ಹಾಗೆ ಅವರೂ ಹೊರನಾಡ ಕನ್ನಡಿಗರಾದರು. ಅಲ್ಲಿ ಕನ್ನಡ ಉಳಿದುಕೊಂಡಿರುವುದಕ್ಕೆ ಹೋರಾಟಗಳೂ ಶಾಲೆಗಳೂ ಕಾರಣ, ನಿಜ. ಆದರೆ ಬರೆಯದ ಮಾತನ್ನು ಇರುಳಿಡೀ ಕನ್ನಡದಲ್ಲಿ ಕಟ್ಟುವ ನಾಲಗೆಗಳೂ ಅಷ್ಟೇ ಕಾರಣವೆಂದು ನಾನು ತಿಳಿಯುತ್ತೇನೆ.

ಅದೇ ದಿನ, 1956ರ ನವೆಂಬರ್ 1ರಂದು, ಹೈದರಾಬಾದ್ ರಾಜ್ಯದ ಬೀದರ, ಗುಲಬರ್ಗಾ, ರಾಯಚೂರು ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಹೋದವು. ಈ ಊರಲ್ಲಿ ನೆಲೆಸಿದ್ದ ಕನ್ನಡಿಗರು ಆಂಧ್ರಪ್ರದೇಶದಲ್ಲಿ ಉಳಿದರು. 2014ರಿಂದ ನಾವು ತೆಲಂಗಾಣದವರು. ರಾಜ್ಯದ ಹೆಸರುಗಳು ಬದಲಾದವು, ನಮ್ಮ ಕಾಚಿಗುಡದ ಕನ್ನಡ ಬದಲಾಗಲಿಲ್ಲ. ಸರಕಾರದ ಕಡತಗಳ ನಡುವೆ ಬದುಕಿದವನಾದ್ದರಿಂದ ಕಾಗದದ ಬೆಲೆಯನ್ನು ನಾನು ಕಡಿಮೆ ಮಾಡಲಾರೆ. ಸಂವಿಧಾನದ 350ಎ ವಿಧಿ ಅದೇ 1956ರ ಏಳನೆಯ ತಿದ್ದುಪಡಿಯಿಂದ ಬಂದದ್ದು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಕರ್ಯ ಒದಗಿಸಲು ಪ್ರತಿ ರಾಜ್ಯವೂ ಪ್ರಯತ್ನಿಸಬೇಕೆಂದು ಅದು ಹೇಳುತ್ತದೆ. ಆ ಹಕ್ಕನ್ನು ನಾವು ಕೇಳುತ್ತಲೇ ಇರಬೇಕು. ಆದರೆ ನಮ್ಮ ಊಟದ ಮನೆಯೊಳಕ್ಕೆ ಬಂದು ಮಕ್ಕಳ ಜೊತೆ ಕನ್ನಡ ಆಡುವ ಅಧಿಕಾರಿಯನ್ನು ಯಾವ ವಿಧಿಯೂ ನೇಮಿಸುವುದಿಲ್ಲ.

ಇಲ್ಲಿ ನನ್ನ ಸ್ವಂತದ ಒಂದು ತಪ್ಪೊಪ್ಪಿಗೆ ಇದೆ. ನನ್ನ ಮಗಳು ಆರನೆಯ ವಯಸ್ಸಿನಿಂದ ಪ್ರತಿ ನವೆಂಬರಿನಲ್ಲಿ ಇದೇ ವೇದಿಕೆಯಲ್ಲಿ ಭಾವಗೀತೆ ಹಾಡಿದ್ದಾಳೆ. ಉಚ್ಚಾರ ಸ್ಪಷ್ಟ, ಹ-ಕಾರ ಅ-ಕಾರ ತಪ್ಪಿದ್ದಿಲ್ಲ. ನೀವು ಚಪ್ಪಾಳೆ ತಟ್ಟಿದ್ದೀರಿ, ನಾನು ಬೀಗಿದ್ದೇನೆ. ಆದರೆ ರಾಯಚೂರಿನಿಂದ ನನ್ನ ತಾಯಿ ಫೋನು ಮಾಡಿ ‘ಊಟ ಆತೇನವ್ವಾ?’ ಎಂದರೆ, ‘ಆಯ್ತು ಅಜ್ಜಿ’ ಎಂದವಳೇ ಫೋನನ್ನು ನನ್ನ ಕೈಗೆ ಕೊಡುತ್ತಿದ್ದಳು. ಕಾರಣ ನಾನೇ. ಚಿಕ್ಕವಳಿದ್ದಾಗ ಅವಳು ‘ಅಮ್ಮ ಬಂತು’, ‘ಅಕ್ಕ ಹೋಯ್ತು’ ಎನ್ನುತ್ತಿದ್ದಳು. ತೆಲುಗಿನಲ್ಲಿ ಹೆಂಗಸಿಗೂ ವಸ್ತುವಿಗೂ ಏಕವಚನದ ಕ್ರಿಯಾಪದ ಒಂದೇ. ಬೀದಿಯಲ್ಲಿ ಕೇಳಿದ ಭಾಷೆಯ ತರ್ಕವನ್ನು ಮಗು ಮನೆಯ ಭಾಷೆಗೆ ತಂದಿತ್ತು. ಅದೊಂದು ಬುದ್ಧಿವಂತ ತಪ್ಪು. ನಾನು ಪ್ರತಿ ಸಲವೂ ಮಾತು ತಡೆದು ‘ಬಂದಳು, ಹೋದಳು ಅನ್ನು’ ಎಂದು ತಿದ್ದಿದೆ; ನೆಂಟರೆದುರು ಹೇಳಿ ನಗಿಸಿದೆ. ಕೆಲವೇ ವರ್ಷಗಳಲ್ಲಿ ಅವಳ ತಪ್ಪುಗಳು ಪೂರ್ತಿ ನಿಂತುಹೋದವು. ಮಾತೇ ನಿಂತುಹೋಗಿತ್ತೆಂಬುದು ನನಗೆ ತಿಳಿದದ್ದು ಆ ಕಮ್ಮಟದ ಹಿಂದಿನ ಬೆಂಚಿನಲ್ಲಿ. ಜೋ ಜೋನ್ಸನ ಕಂಚಿನ ತಾಳವನ್ನು ನಾನು ಊಟದ ಮನೆಯಲ್ಲಿ ಎಸೆಯುತ್ತಾ ಬಂದಿದ್ದೆ.

ಕೊನೆಯ ಸಂಜೆಯ ಕಚೇರಿ ಮುಗಿಸಿ ಮನೆಗೆ ಬಂದಾಗ ರಾಯಚೂರಿನ ಫೋನು ಬಂತು. ಆ ದಿನ ಮಗಳು ಫೋನನ್ನು ನನಗೆ ಕೊಡಲಿಲ್ಲ. ‘ಅಜ್ಜಿ, ನಾನು ಮಧ್ಯದಲ್ಲಿ ದಾರಿ ತಪ್ಪಿದೆ, ಬಾಸ್ ನುಡಿಸುವ ಹುಡುಗಿ ನನಗೆ ಸಹಾಯ ಮಾಡಿತು’ ಎಂದಳು. ‘ಮಾಡಿದಳು’ ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು; ನುಂಗಿಕೊಂಡೆ. ಆ ಕಡೆಯಿಂದ ನಮ್ಮ ಅವ್ವ, ಶಾಲೆಯ ನಾಲ್ಕನೆಯ ತರಗತಿ ದಾಟದವಳು, ‘ಹೌದಾ? ಚಲೋ ಹುಡುಗಿ ನೋಡು. ಮುಂದ ಏನಾತು?’ ಎಂದಳು. ಮಗಳು ಇನ್ನೊಂದು ವಾಕ್ಯ ಹೇಳಿದಳು, ಅದರಲ್ಲಿ ಎರಡು ತಪ್ಪು. ‘ಮುಂದ?’ ಎಂದಳು ಅವ್ವ. ಮಾತು ಹೀಗೆಯೇ ಬಹಳ ಹೊತ್ತು ನಡೆಯಿತು. ಅಷ್ಟು ಹೊತ್ತೂ ಅವ್ವ ಮಾಡಿದ್ದು ಬಾಸ್ ನುಡಿಸುವ ಹುಡುಗಿ ಮಾಡಿದ ಕೆಲಸವನ್ನೇ. ಷಡ್ಜ ತೋರಿಸುತ್ತಾ ಹೋದಳು, ಆಟ ನಿಲ್ಲಿಸಲಿಲ್ಲ.

ಆದ್ದರಿಂದ ಸಂಘದ ಮುಂದೆ ನನ್ನ ಸೂಚನೆಗಳು ಮೂರು. ಒಂದು, ತಿಂಗಳಿಗೊಮ್ಮೆ ಮಕ್ಕಳಿಗಾಗಿ ಮಾತಿನ ಕಮ್ಮಟ ನಡೆಯಲಿ. ಐದಾರು ಮಂದಿಯ ಗುಂಪು, ಚೆನ್ನಾಗಿ ಬಲ್ಲವರೂ ತೊದಲುವವರೂ ಬೆರೆತಿರಲಿ, ಪ್ರತಿ ಗುಂಪಿಗೂ ಒಬ್ಬ ಅಜ್ಜಿಯೋ ಅಜ್ಜನೋ ಇರಲಿ. ಎರಡು, ಎಲ್ಲರಿಗೂ ಗೊತ್ತಿರುವ ಒಂದು ಕಥೆಯನ್ನು ಚೌಕಟ್ಟಾಗಿ ಹಿಡಿದು ಪಾತ್ರ ಹಂಚಲಿ. ಮಾತು ಮುಗಿಯುವವರೆಗೆ ಯಾರೂ ತಿದ್ದಕೂಡದು, ತಿದ್ದುವುದಿದ್ದರೆ ಸರದಿ ಮುಗಿದ ಮೇಲೆ, ಅದೂ ಒಂದೇ ತಪ್ಪನ್ನು. ಮೂರು, ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ಹಾಡು ಕುಣಿತಗಳ ಜೊತೆಗೆ 10 ನಿಮಿಷ ಬರೆದುಕೊಳ್ಳದ ಮಾತಿಗೆ ಮೀಸಲಿರಲಿ.

ವ್ಯಾಕರಣ ಕೆಡುವುದಿಲ್ಲವೆ ಎಂದು ಹಿರಿಯರು ಕೇಳಬಹುದು. ಕಂಠಪಾಠವನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ. ಬಾಯಿಪಾಠವಾದ ಹಾಡಿಲ್ಲದೆ ಆ ಮಕ್ಕಳು ಒಂದು ಬಾರ್ ಕೂಡ ಕಟ್ಟಲಾರದಾಗಿದ್ದರು; ನಮ್ಮ ಭಾವಗೀತೆ, ವಚನ, ದೇವರನಾಮಗಳೇ ನಮ್ಮ ಮಕ್ಕಳ ಹಾಡು. ಆದರೆ ಹಾಡಿನಲ್ಲಿಯೇ ನಿಂತವನು ಮೇಳದಲ್ಲಿ ತನ್ನ ಸರದಿ ಬಂದಾಗ ಸುಮ್ಮನಿರಬೇಕಾಗುತ್ತದೆ. ಇನ್ನು ಕೆಲವರು, ದಾಸ್ಯದಲ್ಲಿ ನರಳಿದ ಜನರ ಸಂಗೀತಕ್ಕೂ ನಮಗೂ ಹೋಲಿಕೆ ಎಲ್ಲಿಯದು ಎನ್ನಬಹುದು. ಒಪ್ಪುತ್ತೇನೆ. ಅವರ ಹಿರಿಯರನ್ನು ಸಂಕೋಲೆ ಹಾಕಿ ತಂದರು, ಭಾಷೆಗಳನ್ನು ಕಿತ್ತುಕೊಂಡರು. ನನ್ನಂಥವರು ಬಂದದ್ದು ವರ್ಗಾವಣೆಯ ಆದೇಶ ಹಿಡಿದು, ಪ್ರಯಾಣ ಭತ್ಯೆ ಪಡೆದು. ಅಷ್ಟು ಕಳೆದುಕೊಂಡವರು ಪರರ ವಾದ್ಯಗಳಲ್ಲಿ ತಮ್ಮ ಮಾತನ್ನು ಕಟ್ಟಿಕೊಂಡರೆಂದರೆ, ಏನನ್ನೂ ಕಳೆದುಕೊಳ್ಳದೆ ಬಂದ ನಾವು ಮನೆಮಾತನ್ನು ಕೈಬಿಟ್ಟರೆ ಹೇಳಲು ನೆಪವೂ ಉಳಿಯುವುದಿಲ್ಲ.

ಈ ಉಪನ್ಯಾಸವನ್ನು ನಾನು ಬರೆದುಕೊಂಡು ಬಂದೆ, ನನ್ನದೂ ಕಂಠಪಾಠವೇ. ಮುಂದಿನ ಪ್ರಶ್ನೋತ್ತರ ಬರೆದದ್ದಲ್ಲ. ಅಧ್ಯಕ್ಷರಲ್ಲಿ ನನ್ನ ಕೋರಿಕೆ ಇಷ್ಟೆ: ಮೊದಲ ಪ್ರಶ್ನೆ ಈ ಸಭೆಯ ಮಕ್ಕಳಿಂದ ಬರಲಿ, ಅವರಿಗೆ ಬರುವ ಕನ್ನಡದಲ್ಲಿ. ದೊಡ್ಡವರು ಯಾರೂ ನಡುವೆ ತಿದ್ದುವುದು ಬೇಡ. ನಾನೂ ತಿದ್ದುವುದಿಲ್ಲ.